ಹಳೆಯ ರಬ್ಬರ್ ರಾಕ್ಷಸರು: ಕೈಗೊಂಬೆ ಕೊಳ್ಳುವುದೋ, ಪುಟಾಣಿಗಳನ್ನು ಕೂಡಿಸುವುದೋ?

ಬೋಗ್ಲಿನ್ ಎಂಬ ಮೆದು ರಬ್ಬರಿನ ರಾಕ್ಷಸ ಕೈಗೊಂಬೆ ಒಳ್ಳೆಯದೊಂದಕ್ಕೆ ಕೊಡುವ ದುಡ್ಡಿನಲ್ಲಿ ಮಸಲ್ ಎಂಬ ಪುಟ್ಟ ಕುಸ್ತಿಪಟು ಬೊಂಬೆಗಳ ಒಂದು ಲಾಟನ್ನೇ, ಅಂದರೆ ಹಲವನ್ನು ಒಟ್ಟಿಗೇ, ತರಿಸಿಕೊಳ್ಳಬಹುದು. 1980ರ ದಶಕದ ರಬ್ಬರ್ ರಾಕ್ಷಸರನ್ನು ಹೊಸದಾಗಿ ಸಂಗ್ರಹಿಸಲು ಹೊರಟವರು ಮೊದಲು ಗೊಂದಲಕ್ಕೆ ಬೀಳುವುದೇ ಇಲ್ಲಿ. ಹೆಚ್ಚಿನವರು ಬೆಲೆ ನೋಡುತ್ತಾರೆ, ಎಷ್ಟು ಅಪರೂಪ ಎಂದು ಕೇಳುತ್ತಾರೆ, ಫೋಟೋ ನೋಡಿ ಮನಸೋಲುತ್ತಾರೆ. ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಬೊಂಬೆ ಯಾವ ವಸ್ತುವಿನಿಂದ ಆಗಿದೆ, ಆ ವಸ್ತು ನಿಮ್ಮ ಊರಿನ ಸೆಕೆಯಲ್ಲಿ, ಮಳೆಗಾಲದಲ್ಲಿ ಎಷ್ಟು ವರ್ಷ ಬಾಳುತ್ತದೆ? ಮೂವತ್ತೈದು ವರ್ಷಕ್ಕೂ ಹಳೆಯ ಮೆದು ರಬ್ಬರು ಸುಮ್ಮನೆ ಕೂತಿರುವುದಿಲ್ಲ. ಎಣ್ಣೆ ಬಿಡುತ್ತದೆ, ಜಿಗುಟಾಗುತ್ತದೆ, ಬಿರಿಯುತ್ತದೆ, ಪಕ್ಕದ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಮಂಗಳೂರಿನ ಮನೆಯಲ್ಲಿ ಸರಿಯಾದ ಆಯ್ಕೆ ಬೆಂಗಳೂರಿನ ಮನೆಗೆ ಸರಿಯಾಗಬೇಕೆಂದಿಲ್ಲ. ರಾಯಚೂರಿನ ಬೇಸಿಗೆಯಂತೂ ಬೇರೆಯೇ ಲೆಕ್ಕ.

ಇಲ್ಲಿ ಹೋಲಿಸುತ್ತಿರುವುದು ಮುಖ್ಯವಾಗಿ ಮೂರು ಬಗೆಗಳನ್ನು: ಬೋಗ್ಲಿನ್ ಕೈಗೊಂಬೆಗಳು, ಅವುಗಳದ್ದೇ ಪುಟಾಣಿ ರೂಪಗಳು, ಮತ್ತು ಅದೇ ಕಾಲದ ಇತರ ಪುಟಾಣಿ ರಾಕ್ಷಸರಾದ ಮಸಲ್ ಹಾಗೂ ಮಾನ್‌ಸ್ಟರ್ ಇನ್ ಮೈ ಪಾಕೆಟ್. ಈಚೆಗೆ ಬಂದಿರುವ ಹೊಸ ಬೋಗ್ಲಿನ್‌ಗಳ ವಿಷಯವೂ ನಡುವೆ ಬರುತ್ತದೆ.

ಬೋಗ್ಲಿನ್ ಕೈಗೊಂಬೆ: ಆಡಿಸಲು ಎಲ್ಲಕ್ಕಿಂತ ಚೆನ್ನ, ಉಳಿಸಲು ಎಲ್ಲಕ್ಕಿಂತ ಕಷ್ಟ

ಟಿಮ್ ಕ್ಲಾರ್ಕ್, ಮೌರೀನ್ ಟ್ರಾಟೊ ಮತ್ತು ಲ್ಯಾರಿ ಮಾಸ್ ರೂಪಿಸಿದ ಈ ಬೊಂಬೆಗಳನ್ನು ಮ್ಯಾಟೆಲ್ ಕಂಪನಿ 1987ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. ಕ್ಲಾರ್ಕ್ ಅದಕ್ಕೂ ಮೊದಲು ಅಮೆರಿಕದ ಹೆಸರಾಂತ ಬೊಂಬೆಯಾಟಗಾರ ಜಿಮ್ ಹೆನ್ಸನ್ ಅವರ ಬೊಂಬೆ ಚಿತ್ರಕ್ಕೆ ಕೆಲಸ ಮಾಡಿದ್ದವರು. ಬೋಗ್ಲಿನ್ ಒಂದನ್ನು ಕೈಗೆ ಹಾಕಿಕೊಂಡರೆ ಆ ಅನುಭವದ ಬೆಲೆ ಗೊತ್ತಾಗುತ್ತದೆ. ಬಟ್ಟೆಯ ಕೈಗೊಂಬೆ ಬಾಯಿ ತೆರೆದು ಮುಚ್ಚುವುದಷ್ಟೇ ಮಾಡೀತು. ಇದರ ಚರ್ಮ ಎಷ್ಟು ಮೆದುವೆಂದರೆ ಒಳಗಿನ ಬೆರಳು ಸ್ವಲ್ಪ ಮಡಚಿದರೂ ತುಟಿ ಸೊಟ್ಟಗಾಗುತ್ತದೆ, ಕೆನ್ನೆ ಉಬ್ಬುತ್ತದೆ, ಹುಬ್ಬು ಗಂಟಿಕ್ಕುತ್ತದೆ. ತಲೆಯೊಳಗಿನ ಸನ್ನೆಯನ್ನು (ಲಿವರ್) ಬೆರಳಿನಿಂದ ತಳ್ಳಿದರೆ ಕಣ್ಣುಗುಡ್ಡೆಗಳು ಅತ್ತಿತ್ತ ಹೊರಳುತ್ತವೆ. ಎದುರು ಕೂತವರ ಕಡೆಗೆ ಅದು ನಿಧಾನವಾಗಿ ಕಣ್ಣು ಹೊರಳಿಸಿದಾಗ ದೊಡ್ಡವರೂ ಒಂದು ಕ್ಷಣ ಹಿಂದೆ ಸರಿಯುತ್ತಾರೆ.

ಮೊದಲು ಬಂದ ದೊಡ್ಡ ಬೋಗ್ಲಿನ್‌ಗಳು ಮೂರು: ಡ್ವೋರ್ಕ್, ವ್ಲಾಬ್, ಡ್ರೂಲ್. ಆಮೇಲೆ ಸಣ್ಣ ಗಾತ್ರದವು, ಹ್ಯಾಲೋವೀನ್ ಸರಣಿ, ಕತ್ತಲಲ್ಲಿ ಹೊಳೆಯುವವು, ನೀರಲ್ಲಿ ಆಡುವಂಥವು ಎಂದೆಲ್ಲ ಬಂದವು. ಮರದ ಪೆಟ್ಟಿಗೆಯಂತೆ ಮುದ್ರಿಸಿದ ರಟ್ಟಿನ ಡಬ್ಬ, ಅದಕ್ಕೆ ಮುಂದುಗಡೆ ಪ್ಲಾಸ್ಟಿಕ್ ಸರಳುಗಳು, ಒಳಗೆ ಸೆರೆಸಿಕ್ಕ ರಾಕ್ಷಸ. ಈ ಡಬ್ಬಕ್ಕೂ ಬೊಂಬೆಯಷ್ಟೇ ಬೇಡಿಕೆಯಿದೆ.

ತೊಂದರೆ ಇರುವುದು ಈ ಚರ್ಮದಲ್ಲೇ. ಇದು ಥರ್ಮೋಪ್ಲಾಸ್ಟಿಕ್ ರಬ್ಬರ್. ಇಷ್ಟು ಮೆದುವಾಗಲು ಇಂಥ ರಬ್ಬರಿಗೆ ಎಣ್ಣೆ ಸೇರಿಸಿರುತ್ತಾರೆ. ವರ್ಷಗಳು ಕಳೆದಂತೆ ಆ ಎಣ್ಣೆ ಮೇಲ್ಮೈಗೆ ಬರುತ್ತದೆ, ಬಂದ ಎಣ್ಣೆಗೆ ದೂಳು ಅಂಟುತ್ತದೆ. ಇದು ಮೊದಲ ಹಂತ, ತೊಳೆದರೆ ಸರಿಹೋಗುವಂಥದ್ದು. ಎರಡನೆಯ ಹಂತ ಬೇರೆ: ಬೆಳಕು, ಬಿಸಿ ಮತ್ತು ಗಾಳಿಯಲ್ಲಿರುವ ಓಜೋನ್ ಸೇರಿ ರಬ್ಬರಿನ ಸರಪಳಿಗಳನ್ನೇ ಕಡಿಯುತ್ತವೆ. ಆಗ ಮೇಲ್ಮೈ ಹೊಳೆಯತೊಡಗುತ್ತದೆ, ಬಗ್ಗಿಸಿದಲ್ಲಿ ಸಣ್ಣ ಗೆರೆಗಳು ಬಿಡುತ್ತವೆ. ಇದಕ್ಕೆ ಮದ್ದಿಲ್ಲ.

ಎರಡು ಹಂತಗಳ ವ್ಯತ್ಯಾಸ ಕಂಡುಹಿಡಿಯಲು ಮಾರುವವರಿಂದ ಒಂದು ಸಣ್ಣ ಪರೀಕ್ಷೆ ಮಾಡಿಸಿ. ಬೊಂಬೆಯ ಹಿಂಭಾಗದಲ್ಲಿ ಹೆಬ್ಬೆರಳನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಬಿಟ್ಟು, ಒಂದು ನಿಮಿಷದ ನಂತರ ಓರೆ ಬೆಳಕಿನಲ್ಲಿ ಫೋಟೋ ತೆಗೆಯಲು ಹೇಳಿ. ಬೆರಳಿನ ಗೆರೆಗಳು ಹಾಗೇ ಅಚ್ಚೊತ್ತಿ ನಿಂತಿದ್ದರೆ ರಬ್ಬರು ಒಳಗಿನಿಂದ ಹೋಗಿದೆ, ಎಷ್ಟೇ ಅಗ್ಗವಾದರೂ ಬೇಡ. ಜಿಡ್ಡು ಮಾತ್ರ ಕಂಡು, ಚರ್ಮ ಮೊದಲಿನಂತೆ ಏರಿ ಬಂದಿದ್ದರೆ ಕೊಳ್ಳಬಹುದು.

ಇನ್ನು ಫೋಟೋ ಕೇಳಬೇಕಾದ ಜಾಗಗಳು. ಬಾಯಿಯ ಎರಡು ಮೂಲೆಗಳು: ಆಡಿಸುವಾಗ ಅತಿ ಹೆಚ್ಚು ಎಳೆತ ಬೀಳುವುದು ಅಲ್ಲಿ, ಸೀಳು ಶುರುವಾಗುವುದೂ ಅಲ್ಲೇ. ಬಾಯಿಯನ್ನು ಪೂರ್ತಿ ತೆರೆಸಿ ಫೋಟೋ ತೆಗೆಸದಿದ್ದರೆ ಈ ಸೀಳು ಕಾಣುವುದೇ ಇಲ್ಲ. ಕೈ ತೂರಿಸುವ ತೂತಿನ ಅಂಚು: ಇಲ್ಲಿ ಅರ್ಧ ಸೆಂಟಿಮೀಟರ್ ಹರಿದಿದ್ದರೆ ನಾಲ್ಕು ಸಲ ಕೈ ಹಾಕುವಷ್ಟರಲ್ಲಿ ಎರಡು ಸೆಂಟಿಮೀಟರ್ ಆಗುತ್ತದೆ. ಪುಟ್ಟ ತೋಳುಗಳು ದೇಹಕ್ಕೆ ಕೂಡುವ ಸಂದು. ಕಣ್ಣಿನ ಸುತ್ತ ಚರ್ಮ ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗುವ ಅಂಚು: ಇಲ್ಲಿ ಪ್ಲಾಸ್ಟಿಕ್ಕು ಮಂಕಾಗಿದ್ದರೆ ರಬ್ಬರಿನ ಎಣ್ಣೆ ಅದನ್ನು ತಿನ್ನಲು ಶುರುಮಾಡಿದೆ ಎಂದರ್ಥ. ಕಣ್ಣು ಹೊರಳುತ್ತದೆಯೇ ಎಂಬುದಕ್ಕೆ ಫೋಟೋ ಸಾಲದು, ಐದು ಸೆಕೆಂಡಿನ ವಿಡಿಯೋ ಕೇಳಿ. ಸನ್ನೆ ಬಿಗಿಯಾಗಿದ್ದರೆ ಹಳೆಯ ದೂಳು-ಜಿಡ್ಡು ಸೇರಿರಬಹುದು, ಒಣ ಬ್ರಷ್ಷಿನಿಂದ ಬಿಡಿಸಬಹುದು. ಸನ್ನೆ ಸಡಿಲವಾಗಿ ಲೊಟಲೊಟ ಎನ್ನುತ್ತಿದ್ದರೆ ಒಳಗೆ ಮುರಿದಿದೆ. ಚರ್ಮ ಹರಿಯದೆ ಅದನ್ನು ಬಿಚ್ಚಿ ಕೂಡಿಸುವುದು ಬಹಳ ಕಷ್ಟ.

ಹರಿದದ್ದನ್ನು ಅಂಟಿಸಿಕೊಳ್ಳೋಣ ಎಂದು ಅಗ್ಗದ ಪೀಸ್ ಕೊಳ್ಳಬೇಡಿ. ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಒಣಗಿದ ಮೇಲೆ ಗಾಜಿನಂತೆ ಗಡುಸಾಗುತ್ತದೆ. ಬೊಂಬೆ ಬಗ್ಗಿದಾಗ ಅಂಟು ಬಗ್ಗುವುದಿಲ್ಲ, ಅದರ ಪಕ್ಕದ ಮೆದು ಚರ್ಮವೇ ಹೊಸದಾಗಿ ಹರಿಯುತ್ತದೆ. ಚಪ್ಪಲಿ ರಿಪೇರಿಯವರು ಬಳಸುವ ಸೊಲ್ಯೂಷನ್‌ನಲ್ಲಿರುವ ದ್ರಾವಕ ರಬ್ಬರನ್ನೇ ಕರಗಿಸುತ್ತದೆ. ಸಿಲಿಕಾನ್ ಅಂಟು ಇದಕ್ಕೆ ಹಿಡಿಯುವುದೇ ಇಲ್ಲ. ಪ್ರದರ್ಶನಕ್ಕೆ ಮಾತ್ರ ಇಡುವುದಾದರೆ ಸೀಳನ್ನು ಹಾಗೇ ಬಿಟ್ಟು, ಒಳಗಿನಿಂದ ಟಿಶ್ಯೂ ಪೇಪರ್ ತುಂಬಿ ಆಕಾರ ಹಿಡಿಸುವುದೇ ಒಳ್ಳೆಯದು.

ದೊಡ್ಡದೋ ಸಣ್ಣದೋ, ಲೂಸ್ ಪೀಸೋ ಡಬ್ಬದ್ದೋ

ದೊಡ್ಡ ಬೋಗ್ಲಿನ್‌ನಲ್ಲಿ ಪೂರ್ತಿ ಕೈ ಆಡುತ್ತದೆ, ಮುಖಭಾವ ಬರುವುದು ಅದರಲ್ಲೇ. ಸಣ್ಣದಕ್ಕೆ ಜಾಗ ಕಡಿಮೆ ಸಾಕು, ಅಂಚೆ ಖರ್ಚೂ ಕಡಿಮೆ, ಆದರೆ ದೊಡ್ಡ ಕೈಯವರು ಹಾಕಿದರೆ ಬಾಯಿಯ ಮೂಲೆ ಹರಿಯುವ ಭಯ ಜಾಸ್ತಿ. ಒಂದೇ ಒಂದು ಕೈಗೊಂಬೆ ಸಾಕು ಎನ್ನುವವರು ದೊಡ್ಡದನ್ನೇ ಕೊಳ್ಳಲಿ.

ಡಬ್ಬದ ವಿಷಯದಲ್ಲಿ ಹುಷಾರಾಗಿರಬೇಕು. ಎಂದೂ ಹೊರತೆಗೆಯದ ಪೀಸ್ ಎಂದರೆ ಒಳ್ಳೆಯ ಸ್ಥಿತಿಯಲ್ಲಿರುತ್ತದೆ ಎಂಬ ನಂಬಿಕೆ ಗಟ್ಟಿ ಪ್ಲಾಸ್ಟಿಕ್ ಬೊಂಬೆಗಳ ವಿಷಯದಲ್ಲಿ ಸರಿ, ಇಲ್ಲಿ ಅಲ್ಲ. ದಶಕಗಟ್ಟಲೆ ಒಂದೇ ಭಂಗಿಯಲ್ಲಿ ಕೂತ ಮೆದು ರಬ್ಬರು ತನ್ನ ಭಾರಕ್ಕೇ ತಳದಲ್ಲಿ ಚಪ್ಪಟೆಯಾಗುತ್ತದೆ. ಒಸರಿದ ಎಣ್ಣೆಯನ್ನು ಒರೆಸುವವರಿಲ್ಲದೆ ಅದು ರಟ್ಟಿಗೆ ಇಳಿದು ಕಂದು ಕಲೆಯಾಗಿರುತ್ತದೆ. ಡಬ್ಬದ ಕೆಳಗಿನ ಮೈಯ ಫೋಟೋ ಕೇಳಿ: ಅಲ್ಲಿ ಎಣ್ಣೆಯ ಕಲೆ ದೊಡ್ಡದಾಗಿದ್ದರೆ ಒಳಗಿನ ರಬ್ಬರು ಅಷ್ಟು ಎಣ್ಣೆ ಕಳೆದುಕೊಂಡು ಬಿರುಸಾಗಿದೆ ಎಂದೇ ತಿಳಿಯಿರಿ. ಆಗಾಗ ತೆಗೆದು ಒರೆಸಿ, ತಂಪಾದ ಕತ್ತಲು ಕಪಾಟಿನಲ್ಲಿಟ್ಟ ಲೂಸ್ ಪೀಸ್ ಇದಕ್ಕಿಂತ ಎಷ್ಟೋ ಮೇಲು. ಡಬ್ಬ ಬೇಕೇ ಬೇಕೆಂದರೆ ಖಾಲಿ ಡಬ್ಬವನ್ನು ಬೇರೆಯಾಗಿ ಕೊಳ್ಳುವ ದಾರಿಯೂ ಇದೆ. ಮುಂದಿನ ಸರಳುಗಳು ಎಲ್ಲವೂ ಇವೆಯೇ ಎಂದು ಎಣಿಸಿಕೊಳ್ಳಿ, ಮುರಿಯುವುದು ಮೊದಲು ಅವೇ.

ಸಾಗಣೆ ಖರ್ಚಿನಲ್ಲಿ ಡಬ್ಬ ಎಷ್ಟು ಭಾರ ಎಂಬುದನ್ನು ಕೊರಿಯರ್ ಲೆಕ್ಕದಲ್ಲೇ ನೋಡಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿರುವುದಕ್ಕೆ ಅವರು ಹಣ ಕೇಳುತ್ತಾರೆ. 36×30×25 ಸೆಂಟಿಮೀಟರಿನ ರಟ್ಟಿನ ಪೆಟ್ಟಿಗೆಯಲ್ಲಿ ಡಬ್ಬ ಸಮೇತ ಬೊಂಬೆ ಬಂದರೆ ಅದು 5.4 ಕಿಲೋ ಎಂದು ಲೆಕ್ಕ, ಬೊಂಬೆ ಹಗುರವಾಗಿದ್ದರೂ ಅಷ್ಟೇ. ಮೂವತ್ತು ಮಸಲ್ ಪುಟಾಣಿಗಳು 20×15×5ರ ಪೊಟ್ಟಣದಲ್ಲಿ ಬಂದರೆ 300 ಗ್ರಾಂ.

ಹಳೆಯದು, ಹೊಸದು

2020ರ ದಶಕದಲ್ಲಿ ಟ್ರೈಆಕ್ಷನ್ ಟಾಯ್ಸ್ ಎಂಬ ಕಂಪನಿ ಬೋಗ್ಲಿನ್‌ಗಳನ್ನು ಮತ್ತೆ ತಂದಿತು. ಹೊಸ ದೊಡ್ಡ ಬೊಂಬೆಗಳ ಹೆಸರಿನಲ್ಲಿ ಕಿಂಗ್ ಎಂಬ ಪದ ಸೇರಿದೆ: ಕಿಂಗ್ ಡ್ವೋರ್ಕ್, ಕಿಂಗ್ ವ್ಲಾಬ್, ಕಿಂಗ್ ಡ್ರೂಲ್. ಹೊಸದನ್ನು ಡಬ್ಬದಿಂದ ತೆಗೆದು ಹಳೆಯದೆಂದು ಮಾರುವವರಿದ್ದಾರೆ. ಹಳೆಯದರ ಮೇಲೆ 1987 ಮತ್ತು ಹಕ್ಕುದಾರ ಕಂಪನಿಯಾದ ಸೆವೆನ್ ಟೌನ್ಸ್ ಹೆಸರಿನ ಅಚ್ಚು ಇರಬೇಕು. ಆ ಅಚ್ಚಿನ ಹತ್ತಿರದ ಫೋಟೋ ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳಬೇಡಿ.

ಮನೆಯಲ್ಲಿ ಮಕ್ಕಳಿದ್ದು ಅವರೂ ಆಡಬೇಕೆಂದಿದ್ದರೆ ಹೊಸದನ್ನೇ ತೆಗೆದುಕೊಳ್ಳಿ. ಇದರಲ್ಲಿ ಎರಡನೆಯ ಮಾತೇ ಇಲ್ಲ. ಮಕ್ಕಳ ಆಟಿಕೆಗಳಲ್ಲಿ ಕೆಲವು ಥ್ಯಾಲೇಟ್‌ಗಳು (ಪ್ಲಾಸ್ಟಿಕ್ಕನ್ನು ಮೆದು ಮಾಡಲು ಸೇರಿಸುವ ರಾಸಾಯನಿಕಗಳು) ಶೇ 0.1ಕ್ಕಿಂತ ಹೆಚ್ಚಿರಬಾರದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದೇ 2008ರಲ್ಲಿ. 1980ರ ದಶಕದ ಮೆದು ಪ್ಲಾಸ್ಟಿಕ್ ಆ ಮಿತಿ ನೋಡಿ ಮಾಡಿದ್ದಲ್ಲ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಹಳೆಯ ಪುಟಾಣಿಗಳನ್ನೂ ಕೊಡಬಾರದು.

ಪುಟಾಣಿಗಳು: ಮೂರು ದಾರಿ

ಬೋಗ್ಲಿನ್‌ಗಳದ್ದೇ ಮಿನಿ ರೂಪಗಳು ಚಿಕ್ಕ, ಗಟ್ಟಿ ಎರಕದ ಬೊಂಬೆಗಳು. ಬಣ್ಣ ಬಳಿದಿಲ್ಲ, ಒಂದೊಂದೂ ಒಂದೇ ಬಣ್ಣದ್ದು. ಬೋಗ್ಲಿನ್ ಕುಲಗಳೆಂದು ಗುಂಪು ಮಾಡಿದ್ದರು. ಇವುಗಳನ್ನು ಕೊಳ್ಳುವವರಿಗೆ ದೊಡ್ಡ ತೊಡಕು ಗುರುತಿಸುವುದು. ಹಳೆಯ ಪುಟಾಣಿಗಳ ಮಿಶ್ರ ಲಾಟಿನಲ್ಲಿ ಇವು ಬೇರೆ ಕಂಪನಿಗಳ ರಬ್ಬರ್ ರಾಕ್ಷಸರೊಂದಿಗೆ ಬೆರೆತುಹೋಗಿರುತ್ತವೆ. ಮಾರುವವರಿಗೂ ತಿಳಿದಿರುವುದಿಲ್ಲ, ಕೆಲವೊಮ್ಮೆ ಅದೇ ನಿಮ್ಮ ಲಾಭ. ಕೈಗೊಂಬೆ ಈಗಾಗಲೇ ಇದ್ದು ಅದರ ಪಕ್ಕ ಒಂದು ಹಿಂಡು ಬೇಕೆನ್ನುವವರಿಗೆ ಇವು ಹೇಳಿಮಾಡಿಸಿದಂತಿವೆ. ಸಂಗ್ರಹದ ಮೊದಲ ಹೆಜ್ಜೆಯಾಗಿ ನಾನು ಸೂಚಿಸುವುದಿಲ್ಲ, ಏಕೆಂದರೆ ಹೋಲಿಸಿ ನೋಡಲು ಕೈಯಲ್ಲಿ ಒಂದಷ್ಟು ಅಸಲಿ ಪೀಸ್ ಇಲ್ಲದೆ ಕಣ್ಣು ಪಳಗುವುದಿಲ್ಲ.

ಮಸಲ್ ಹೊಸಬರಿಗೆ ಅತ್ಯಂತ ಸುಲಭದ ಬಾಗಿಲು. ಇದೂ ಮ್ಯಾಟೆಲ್ ಕಂಪನಿಯದ್ದೇ, 1985ರಿಂದ 1988ರವರೆಗೆ ಅಮೆರಿಕದಲ್ಲಿ ಮಾರಾಟವಾಯಿತು. ಮೂಲ ಜಪಾನಿನದು: ಕಿನ್ನಿಕುಮಾನ್ ಎಂಬ ಕುಸ್ತಿಪಟುಗಳ ಮಾಂಗಾದ (ಚಿತ್ರಕಥೆಯ) ಪಾತ್ರಗಳನ್ನು ಬಂಡಾಯ್ ಕಂಪನಿ ಕಿನ್ಕೇಶಿ ಎಂಬ ಹೆಸರಿನಲ್ಲಿ ಪುಟ್ಟ ರಬ್ಬರ್ ಬೊಂಬೆಗಳಾಗಿ ಮಾಡಿತ್ತು. ಮ್ಯಾಟೆಲ್ ಅವುಗಳಲ್ಲಿ ಆಯ್ದವನ್ನು ಮಾಂಸದ ಬಣ್ಣದಲ್ಲಿ, ಅಂದರೆ ತಿಳಿ ಗುಲಾಬಿಯಲ್ಲಿ, ಎರಕ ಹೊಯ್ದು ತಂದಿತು. ನಾಲ್ಕರ ಪ್ಯಾಕ್, ಕಸದ ತೊಟ್ಟಿಯಾಕಾರದ ಡಬ್ಬಿಯಲ್ಲಿ ಹತ್ತು, ದೊಡ್ಡ ಪ್ಯಾಕಿನಲ್ಲಿ ಇಪ್ಪತ್ತೆಂಟು ಹೀಗೆ ಮಾರುತ್ತಿದ್ದರು. ಅಂದಿನ ಪೋಸ್ಟರಿನಲ್ಲಿ 233 ಬೊಂಬೆಗಳಿವೆ, ಸಂಗ್ರಾಹಕರು ಒಪ್ಪಿರುವ ಒಟ್ಟು ಲೆಕ್ಕ 236. ಬೊಂಬೆಯ ಬೆನ್ನಲ್ಲಿ ವೈ, ಎಸ್, ಎನ್, ಟಿ ಅಕ್ಷರಗಳ ಹಕ್ಕಿನ ಅಚ್ಚು ನೋಡಿ.

ಇಲ್ಲಿ ಆಯ್ಕೆ ಬಣ್ಣದ್ದು. ಮಾಂಸದ ಬಣ್ಣದವು ಧಾರಾಳವಾಗಿ ಸಿಗುತ್ತವೆ. ಕೆಂಪು, ನೀಲಿ, ನೇರಳೆ, ಹಸಿರು ಬಣ್ಣದವು ನಂತರ ಬಂದವು, ದುಬಾರಿ. ಬಣ್ಣದ ಹಿಂದೆ ಹೋದರೆ ಒಂದೇ ಬೊಂಬೆಯನ್ನು ಹಲವು ಸಲ ಕೊಳ್ಳಬೇಕಾಗುತ್ತದೆ. ಮೊದಲು ಮಾಂಸದ ಬಣ್ಣದಲ್ಲಿ 150 ಬೇರೆ ಬೇರೆ ಬೊಂಬೆಗಳಾಗುವವರೆಗೆ ಲಾಟ್‌ಗಳನ್ನೇ ಕೊಳ್ಳಿ, ಬಿಡಿಯಾಗಿ ಬೇಡ. ಆಮೇಲೆ ಲಾಟ್ ಕೊಂಡರೆ ಡುಪ್ಲಿಕೇಟ್‌ಗಳೇ ಜಾಸ್ತಿ ಬರುತ್ತವೆ, ಆಗ ಬಿಡಿಯಾಗಿ ಕೊಳ್ಳುವುದು ಅಥವಾ ಅದಲುಬದಲು ಮಾಡಿಕೊಳ್ಳುವುದು ಲೇಸು. ಪೂರ್ತಿ ಸೆಟ್ ಮಾಡುವ ಹಟ ಇದ್ದರೆ ಒಂದು ಮಾತು: ಸೇಟನ್ ಕ್ರಾಸ್ ಎಂಬ ಬೊಂಬೆ ಎಲ್ಲರನ್ನೂ ಸತಾಯಿಸಿರುವಂಥದ್ದು. ಅದೊಂದಕ್ಕೆ ಬೇರೆಯಾಗಿಯೇ ಹಣ ತೆಗೆದಿಡಬೇಕು. ಅದಕ್ಕೆ ನಕಲಿ ಎರಕಗಳೂ ಬರುತ್ತವೆ, ಆದ್ದರಿಂದ ಕಾಲ ಕೆಳಗಿನ ಮತ್ತು ಬೆನ್ನಿನ ಹತ್ತಿರದ ಫೋಟೋ ಇಲ್ಲದೆ ಮುಂದುವರಿಯಬೇಡಿ. ನಕಲಿ ಎರಕದಲ್ಲಿ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಗಾತ್ರವೂ ಅಸಲಿಗಿಂತ ಒಂದು ಕೂದಲೆಳೆ ಚಿಕ್ಕದಿರುತ್ತದೆ. ಅಸಲಿಯಿಂದ ಅಚ್ಚು ತೆಗೆದು ಹೊಯ್ದಾಗ ವಸ್ತು ಆರುತ್ತ ಕುಗ್ಗುವುದು ಇದಕ್ಕೆ ಕಾರಣ.

ಜಪಾನಿನ ಕಿನ್ಕೇಶಿಯನ್ನೇ ನೇರ ಕೂಡಿಸಬಾರದೇಕೆ ಎಂದು ಕೇಳಬಹುದು. 418 ಬೊಂಬೆಗಳು, ಬಣ್ಣ ಬಣ್ಣ, ಮುಟ್ಟಿದರೆ ಮಸಲ್‌ಗಿಂತ ಮೆದು. ಚಂದದಲ್ಲಿ ಅವೇ ಮೇಲು. ಆದರೆ ಮೆದು ಹೆಚ್ಚಿದಷ್ಟೂ ಅಂಟಾಗುವುದೂ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತುವುದೂ ಹೆಚ್ಚು. ಕರಾವಳಿಯವರು ಮಸಲ್‌ನಲ್ಲೇ ಇದ್ದರೆ ನೆಮ್ಮದಿ.

ಮೂರನೆಯದು ಮಾನ್‌ಸ್ಟರ್ ಇನ್ ಮೈ ಪಾಕೆಟ್. ಮಾರಿಸನ್ ಎಂಟರ್‌ಟೈನ್‌ಮೆಂಟ್ ಗ್ರೂಪ್ ರೂಪಿಸಿ, ಮ್ಯಾಚ್‌ಬಾಕ್ಸ್ 1990ರ ಹೊತ್ತಿಗೆ ಮಾರಿದ್ದು. ಮೊದಲ ಸರಣಿಯಲ್ಲಿ 48, ಎರಡನೆಯದರಲ್ಲಿ 24. ಸುಮಾರು ಮೂರು ಸೆಂಟಿಮೀಟರ್ ಎತ್ತರ, ಒಂದೇ ರಾಕ್ಷಸ ಹಲವು ಬಣ್ಣಗಳಲ್ಲಿ. ಪ್ರತಿಯೊಂದಕ್ಕೂ 5ರಿಂದ 25ರವರೆಗಿನ ಅಂಕ ಉಂಟು, ಅದು ಬೊಂಬೆಯ ಮೇಲೇ ಮೂಡಿದೆ. ಜಗತ್ತಿನ ಪುರಾಣಗಳಿಂದ ಹೆಕ್ಕಿದ್ದರಿಂದ ಮೂರರಲ್ಲಿ ಓದಿಗೆ ಹೆಚ್ಚು ಒದಗುವುದು ಇದೇ. ಕೆತ್ತನೆಯೂ ಸೂಕ್ಷ್ಮ, ಮೂರು ಸೆಂಟಿಮೀಟರಿನಲ್ಲಿ ಹಲ್ಲು, ಉಗುರು, ರೆಕ್ಕೆಯ ನರ ಎಲ್ಲ ಕಾಣುತ್ತವೆ. ಸಣ್ಣ ಸೆಟ್ ಆದ್ದರಿಂದ 48 ಮುಗಿಸುವುದು ಸಾಧ್ಯವಿರುವ ಕೆಲಸ.

ನಮ್ಮವರಿಗೆ ಇಲ್ಲಿ ಒಂದು ಬೇರೆಯದೇ ಪ್ರಶ್ನೆ ಬರುತ್ತದೆ. ಮೊದಲ ಸರಣಿಯ ರಾಕ್ಷಸರ ಪಟ್ಟಿಯಲ್ಲಿ ಕಾಳಿಯೂ ಇದ್ದಾಳೆ. ಪೂಜೆಗೊಳ್ಳುವ ದೇವತೆಯನ್ನು ಹೀಗೆ ಸೇರಿಸಿದ್ದಕ್ಕೆ ಬ್ರಿಟನ್ನಿನ ಹಿಂದೂ ಸಂಘಟನೆಗಳು ಆಗಲೇ ಆಕ್ಷೇಪ ಎತ್ತಿದ್ದವು. ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಕಾಳಿಯನ್ನು ಬಿಟ್ಟು 47ಕ್ಕೇ ಸೆಟ್ ಮುಗಿಯಿತು ಎಂದುಕೊಳ್ಳುವವರಿದ್ದಾರೆ, ಇತಿಹಾಸದ ದಾಖಲೆಯೆಂದು ಇಟ್ಟುಕೊಳ್ಳುವವರೂ ಇದ್ದಾರೆ. ಮನೆಯಲ್ಲಿ ಹಿರಿಯರಿದ್ದರೆ ಶೆಲ್ಫಿನಲ್ಲಿ ಸಾಲಾಗಿ ಜೋಡಿಸುವ ಮೊದಲು ಇದನ್ನು ಯೋಚಿಸಿಕೊಳ್ಳುವುದು ಒಳ್ಳೆಯದು.

ಇದರಲ್ಲಿ ನಕಲಿಗಳು ಬಹಳ. ಅಂಕ ಮತ್ತು ಎಂ, ಇ, ಜಿ ಅಕ್ಷರಗಳ ಅಚ್ಚು ಎರಡೂ ಸ್ಪಷ್ಟವಾಗಿಲ್ಲದಿದ್ದರೆ ಬಿಟ್ಟುಬಿಡಿ.

ಇದೇ ಕಾಲದ ಮ್ಯಾಡ್‌ಬಾಲ್‌ಗಳ ಬಗ್ಗೆಯೂ ಕೇಳುವವರಿದ್ದಾರೆ. 1980ರ ದಶಕದ ನಡುವೆ ಆಮ್‌ಟಾಯ್ ತಂದ ವಿಕಾರ ಮುಖದ ಚೆಂಡುಗಳು ಅವು, ಮೊದಲ ಸರಣಿಯಲ್ಲಿ ಎಂಟು. ಒಳಗೆ ಫೋಮ್ ಇರುವ ಹಳೆಯ ಚೆಂಡುಗಳನ್ನು ನಮ್ಮ ಹವೆಗೆ ತರಿಸಬೇಡಿ. ಪಾಲಿಯುರೆಥೇನ್ ಫೋಮ್ ತೇವ ಹೀರಿ ಪುಡಿಯಾಗುತ್ತದೆ, ಒತ್ತಿದರೆ ತಗ್ಗು ಹಾಗೇ ಉಳಿಯುತ್ತದೆ, ಮೇಲಿನ ಬಣ್ಣ ಹಪ್ಪಳೆಯಾಗಿ ಏಳುತ್ತದೆ.

ಪುಟಾಣಿಗಳ ರೋಗ ಬೇರೆ

ಮಸಲ್, ಮಾನ್‌ಸ್ಟರ್ ಎರಡೂ ಮೆದುಕಾರಕ ಸೇರಿಸಿದ ಪಿವಿಸಿ. ಬಿರಿಯುವುದು ಕಡಿಮೆ, ಹರಿಯುವುದು ಇಲ್ಲವೇ ಇಲ್ಲ ಎನ್ನಬಹುದು. ಆದರೆ ಮೆದುಕಾರಕ ಹೊರಗೆ ಬಂದು, ತಾಗಿಕೊಂಡಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅಂಗಡಿಯಲ್ಲಿ ಸಿಗುವ ಗಟ್ಟಿ, ಪಾರದರ್ಶಕ, ಒತ್ತಿದರೆ ಟಕ್ಕೆಂದು ಬಿರಿಯುವ ಖಾನೆಗಳ ಡಬ್ಬಿಗಳು ಹೆಚ್ಚಾಗಿ ಪಾಲಿಸ್ಟೈರೀನ್. ಅದರಲ್ಲಿ ಎರಡು ಬೇಸಿಗೆ ಬಿಟ್ಟರೆ ಬೊಂಬೆಯ ಕಾಲು ಡಬ್ಬಿಗೆ ಬೆಸೆದುಕೊಂಡಿರುತ್ತದೆ. ಡಬ್ಬಿಯ ತಳದ ತ್ರಿಕೋನ ಗುರುತಿನೊಳಗೆ 6 ಇದ್ದರೆ ಅದೇ ಇದು, ಬೇಡ. 5 ಎಂದಿರುವ ಪಾಲಿಪ್ರೊಪಿಲೀನ್ ಡಬ್ಬಿ, ಅಥವಾ 2 ಇಲ್ಲವೇ 4 ಎಂದಿರುವ ಪಾಲಿಎಥಿಲೀನ್ ಆದೀತು.

ಬೇರೆ ಬೇರೆ ಬಣ್ಣದ ಪುಟಾಣಿಗಳನ್ನು ಒಂದೇ ಚೀಲದಲ್ಲಿ ಸುರಿದಿಟ್ಟರೆ ಗಾಢ ಬಣ್ಣ ತಿಳಿ ಬಣ್ಣಕ್ಕೆ ಇಳಿಯುತ್ತದೆ. ಹಳದಿ ಬೊಂಬೆಯ ಬೆನ್ನಿನಲ್ಲಿ ಕೆಂಪು ಕಲೆ ಕಂಡರೆ ಅದು ಕೊಳೆಯಲ್ಲ, ಒಳಗೇ ಇಳಿದ ಬಣ್ಣ, ತಿಕ್ಕಿದರೆ ಹೋಗುವುದಿಲ್ಲ. ಮಾಂಸದ ಬಣ್ಣದ ಮಸಲ್ ಹಳದಿಯಾಗಿದ್ದರೆ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬಿಳುಪು ಮಾಡುವ ಉಪಾಯ ಎಲ್ಲೆಡೆ ಕಾಣಸಿಗುತ್ತದೆ. ಅದು ಗಟ್ಟಿ ಎಬಿಎಸ್ ಪ್ಲಾಸ್ಟಿಕ್ಕಿಗೆ ಹೊಂದುವಂಥದ್ದು. ಮೆದು ಪಿವಿಸಿಯ ಮೇಲೆ ಕಲೆಕಲೆಯಾಗುತ್ತದೆ, ಮೇಲ್ಮೈ ಒಣಗುತ್ತದೆ.

ತೊಳೆಯುವುದು ಸುಲಭ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ, ಹತ್ತು ನಿಮಿಷ ನೆನೆ, ಮೆದು ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನು ತಿಕ್ಕಿ, ನೆರಳಿನಲ್ಲಿ ಒಣಗಿಸಿ. ಬಗ್ಗಿದ ಕೈಕಾಲು ನೇರ ಮಾಡಲು 60ರಿಂದ 70 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಬೇಕಾದಂತೆ ಹಿಡಿದು, ತಕ್ಷಣ ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡ, ಕೆತ್ತನೆಯ ಸೂಕ್ಷ್ಮ ಗೆರೆಗಳು ಮೆತ್ತಗಾಗುತ್ತವೆ.

ಕೈಗೊಂಬೆಗೆ ಈ ಯಾವುದೂ ಸಲ್ಲ. ಬಿಸಿ ನೀರು ಕೂಡದು, ಮುಳುಗಿಸಲೂ ಕೂಡದು, ಏಕೆಂದರೆ ಕಣ್ಣಿನ ಯಂತ್ರದೊಳಗೆ ನೀರು ನಿಂತರೆ ಒಣಗುವುದಿಲ್ಲ. ಮೊದಲು ಮೇಕಪ್ ಬ್ರಷ್ಷಿನಂಥ ಮೆದು ಕುಂಚದಿಂದ ದೂಳು ತೆಗೆಯಿರಿ. ಒಂದು ಲೀಟರ್ ತಣ್ಣೀರಿಗೆ ಎರಡು ಮೂರು ಹನಿ ಲಿಕ್ವಿಡ್ ಬೆರೆಸಿ, ಹತ್ತಿ ಬಟ್ಟೆ ಅದ್ದಿ ಹಿಂಡಿ, ಒಂದೊಂದು ಭಾಗವನ್ನೂ ಒರೆಸಿ, ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಫ್ಯಾನ್ ಗಾಳಿಗೆ ನೆರಳಿನಲ್ಲಿ ಒಂದು ದಿನ ಬಿಡಿ. ನಂತರ ಸುವಾಸನೆ ಇಲ್ಲದ ಟಾಲ್ಕ್ ಪುಡಿಯನ್ನು ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಕುಂಚದಿಂದ ಝಾಡಿಸಿ. ಅಮೆರಿಕದ ಸಂಗ್ರಾಹಕರು ಇದಕ್ಕೆ ಕಾರ್ನ್‌ಫ್ಲೋರ್ ಬಳಸುವುದುಂಟು. ನಮ್ಮಲ್ಲಿ ಅದು ಬೇಡ, ಮಳೆಗಾಲದಲ್ಲಿ ಅದೇ ಬೂಸ್ಟಿಗೂ ಜಿರಳೆಗೂ ಆಹಾರವಾಗುತ್ತದೆ. ಹೊಳಪು ಬರಲೆಂದು ಕೊಬ್ಬರಿ ಎಣ್ಣೆಯನ್ನಂತೂ ಹಚ್ಚಲೇಬೇಡಿ. ಈ ಜಾತಿಯ ರಬ್ಬರು ಎಣ್ಣೆ ಕುಡಿದು ಊದಿಕೊಳ್ಳುತ್ತದೆ, ಆ ಜಾಗ ಮತ್ತೆ ಗಟ್ಟಿಯಾಗುವುದಿಲ್ಲ. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ, ಪೆಟ್ರೋಲ್ ಇವೂ ಅಷ್ಟೇ.

ಇಡುವ ಜಾಗ ನೋಡಿ ಆರಿಸಿಕೊಳ್ಳಿ

ನಮ್ಮ ಮನೆಗಳ ಬೀರುವಿನಲ್ಲಿ ನುಸಿಗುಳಿಗೆ ಇದ್ದೇ ಇರುತ್ತದೆ. ನ್ಯಾಫ್ತಲೀನ್ ಆವಿ ಹಲವು ಪ್ಲಾಸ್ಟಿಕ್, ರಬ್ಬರುಗಳನ್ನು ಮೆತ್ತಗೆ ಮಾಡುತ್ತದೆ. ಬೊಂಬೆ ಇಡುವ ಕಪಾಟಿನಲ್ಲಿ ಅದೂ ಬೇಡ, ಕರ್ಪೂರವೂ ಬೇಡ. ಓಜೋನ್ ಬಿಡುವ ಏರ್ ಪ್ಯೂರಿಫೈಯರ್ ಇರುವ ಕೋಣೆಯೂ ಬೇಡ.

ಕೈಗೊಂಬೆಯ ಒಳಗೆ ಆಮ್ಲರಹಿತ ಟಿಶ್ಯೂ ಪೇಪರ್ ಸಡಿಲವಾಗಿ ತುಂಬಿ. ಪತ್ರಿಕೆ ತುಂಬಿದರೆ ಶಾಯಿ ಚರ್ಮಕ್ಕೆ ಹತ್ತುತ್ತದೆ, ಫೋಮ್ ತುಂಬಿದರೆ ಅದು ಕರಗಿ ಒಳಗೇ ಅಂಟುತ್ತದೆ. ಗುಳ್ಳೆ ಪ್ಲಾಸ್ಟಿಕ್ ಸುತ್ತಿಟ್ಟರೆ ಕೆಲವೇ ತಿಂಗಳಲ್ಲಿ ಗುಳ್ಳೆಗಳ ಅಚ್ಚು ಮೈಮೇಲೆ ಮೂಡುತ್ತದೆ. ಬೊಂಬೆ ಕೂರುವ ತಳಕ್ಕೆ ಬೇಕರಿಯವರು ಬಳಸುವ ಸಿಲಿಕಾನ್ ಲೇಪದ ಬಟರ್ ಪೇಪರ್ ಹಾಸಿ, ತಿಂಗಳಿಗೊಮ್ಮೆ ಭಂಗಿ ಬದಲಿಸಿ. ಕೋಣೆ 25 ಡಿಗ್ರಿಯ ಆಸುಪಾಸು, ತೇವಾಂಶ ಶೇ 40ರಿಂದ 55 ಇದ್ದರೆ ಒಳ್ಳೆಯದು. ಒಂದು ಚಿಕ್ಕ ಡಿಜಿಟಲ್ ತೇವಾಂಶ ಮಾಪಕ ತಂದಿಟ್ಟು ಒಂದು ವಾರ ನೋಡಿದರೆ ನಿಮ್ಮ ಮನೆ ಹೇಗೆಂದು ತಿಳಿಯುತ್ತದೆ.

ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಬಿಸಿಲು ಬೀಳದ ಕೋಣೆಯ ಕೆಳಗಿನ ಖಾನೆಯಲ್ಲಿ ಕೈಗೊಂಬೆ ಇಡಬಹುದು. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಹಾಕಿದ ದೊಡ್ಡ ಪಾಲಿಪ್ರೊಪಿಲೀನ್ ಡಬ್ಬ ಬೇಕು, ಹದಿನೈದು ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಬೇಕು. ಕಲಬುರಗಿ, ರಾಯಚೂರಿನಂಥ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಎಸಿ ಇಲ್ಲದ ಮನೆಯಲ್ಲಿ 1987ರ ಕೈಗೊಂಬೆ ಇಡುವುದು ಅದಕ್ಕೆ ಮಾಡುವ ಅನ್ಯಾಯ. ಅಲ್ಲಿ ಮಸಲ್ ಅಥವಾ ಮಾನ್‌ಸ್ಟರ್ ಪುಟಾಣಿ ಕೂಡಿಸಿ, ಕೈಗೊಂಬೆಯ ಆಸೆಗೆ ಹೊಸದೊಂದನ್ನು ಕೊಳ್ಳಿ. ಅಮೆರಿಕ, ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಹವೆಯ ಅನುಕೂಲವಿದೆ. ಅವರು ಹಳೆಯ ದೊಡ್ಡ ಬೋಗ್ಲಿನ್‌ನಿಂದಲೇ ಶುರುಮಾಡಬಹುದು. ಅಟ್ಟದಲ್ಲಿ ಮತ್ತು ಹೀಟರ್ ಪಕ್ಕದಲ್ಲಿ ಮಾತ್ರ ಇಡಬಾರದು.

ಭಾರತಕ್ಕೆ ತರಿಸುವವರು ಸುಂಕದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ವೈಯಕ್ತಿಕ ಬಳಕೆಯ ಪಾರ್ಸೆಲ್‌ಗೆ ಬೇರೆ ಶೀರ್ಷಿಕೆಯಡಿ ಸುಂಕ ಬೀಳಬಹುದು, ಆದ್ದರಿಂದ ಆರ್ಡರ್ ಮಾಡುವ ಮೊದಲು ಕೊರಿಯರ್ ಕಂಪನಿಯನ್ನು ಕೇಳಿ ಇಂದಿನ ದರ ತಿಳಿದುಕೊಳ್ಳಿ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಆಟಿಕೆ ಗುಣಮಟ್ಟದ ಆದೇಶದ ಪ್ರಕಾರ ಆಟಿಕೆಗೆ ಐಎಸ್‌ಐ ಗುರುತು ಬೇಕು. ಹಳೆಯ ಬೊಂಬೆಗೆ ಅದು ಎಲ್ಲಿಂದ ಬರಬೇಕು? ಹಾಗಾಗಿ ಪಾರ್ಸೆಲ್ ತಡೆದು ನಿಲ್ಲಿಸುವ ಸಾಧ್ಯತೆ ಇದ್ದೇ ಇದೆ. ಇನ್‌ವಾಯ್ಸ್‌ನಲ್ಲಿ ಬಳಸಿದ ಹಳೆಯ ಸಂಗ್ರಹ ವಸ್ತು, 1987, ಒಂದು ಪೀಸ್ ಎಂದು ನಿಜವನ್ನೇ ಬರೆಸಿ. ಬೆಲೆ ಕಡಿಮೆ ತೋರಿಸುವಂತೆ ಮಾರುವವರಿಗೆ ಹೇಳಬೇಡಿ, ಪಾರ್ಸೆಲ್ ಕಳೆದರೆ ವಿಮೆಯೂ ಅಷ್ಟಕ್ಕೇ ಸಿಗುವುದು. ಊರಿಗೆ ಬರುವ ಅಣ್ಣನೋ ಅತ್ತಿಗೆಯೋ ಬ್ಯಾಗೇಜ್ ಮಿತಿಯೊಳಗೆ ತಂದುಕೊಡುವುದಾದರೆ ಪುಟಾಣಿಗಳಿಗೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ, ನೂರು ಬೊಂಬೆ ಒಂದು ಜೊತೆ ಶೂಗಳಷ್ಟು ಜಾಗದಲ್ಲಿ ಬರುತ್ತವೆ. ಕೈಗೊಂಬೆಯನ್ನು ಪಾರ್ಸೆಲ್‌ನಲ್ಲೇ ತರಿಸಬೇಕಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ತಲುಪುವಂತೆ ನೋಡಿಕೊಳ್ಳಿ. ಏಪ್ರಿಲ್‌ನಲ್ಲಿ ಗೋದಾಮಿನಲ್ಲಿ ಒಂದು ವಾರ ಕೂತರೆ ತುಟಿ ಗಲ್ಲಕ್ಕೆ ಅಂಟಿಕೊಂಡೇ ಬರುತ್ತದೆ. ಹಾಗೆ ಬಂದದ್ದನ್ನು ಎಳೆದು ಬಿಡಿಸಬೇಡಿ. ಫ್ರಿಜ್ಜಿನ ತರಕಾರಿ ಖಾನೆಯಲ್ಲಿ ಜಿಪ್ ಚೀಲದೊಳಗೆ ಎರಡು ಗಂಟೆ ಇಟ್ಟು, ರಬ್ಬರು ಬಿಗಿಯಾದ ಮೇಲೆ ಟಾಲ್ಕ್ ಹಚ್ಚಿದ ಬೆರಳನ್ನು ಸಂದಿನಲ್ಲಿ ತೂರಿಸುತ್ತ ಮೂಲೆಯಿಂದ ಮೆಲ್ಲಗೆ ಬಿಡಿಸಿಕೊಂಡು ಬನ್ನಿ.